ಬಿಳಿ ಸೋಫಾದ ಮನೆ

ಉಜ್ಜಿದಷ್ಟೂ ಕಲೆ ಅಗಲವಾಗುತ್ತಿತ್ತು. ಚಿಕ್ಕವಳು ಒದ್ದೆ ಬಟ್ಟೆಯನ್ನು ಬಿಸಾಕಿ ನೆಲದ ಮೇಲೆ ಕೂತುಬಿಟ್ಟಳು. ಹಾಲಿನಂಥ ಬಿಳಿ ಸೋಫಾ. ಅದರ ನಡುವಿನ ಕುಶನ್ ಮೇಲೆ ಅಂಗೈ ಅಗಲ ಕಾಫಿ. ತಪ್ಪು ಅವಳದಲ್ಲ. ನೆಲ ಗುಡಿಸುವ ದುಂಡು ಯಂತ್ರ ಹಿಂದಿನಿಂದ ಬಂದು ಹಿಮ್ಮಡಿಗೆ ಗುದ್ದಿತ್ತು. ಗುದ್ದಿ, ತನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಗೋಡೆಯ ಕಡೆ ಹೊರಟುಹೋಗಿತ್ತು. ಥೇಟ್ ಯಜಮಾನಿಯ ಬುದ್ಧಿ.

ಯಜಮಾನಿ ಎಂದರೆ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಮೊಸರಲ್ಲಿ ಕಲ್ಲು ಹುಡುಕುವವಳು. ಸಿಗದಿದ್ದರೆ ತಾನೇ ಒಂದು ಹಾಕಿ ಹುಡುಕುವವಳು. ಗಂಡ ಹೆಂಡತಿ ಪ್ರವಾಸ ಹೊರಟಾಗ ಮನೆ ಕಾಯಲು ಚಿಕ್ಕವಳನ್ನು ಕರೆಸಿದ್ದು ಪ್ರೀತಿಗಲ್ಲ. ಚಿಕ್ಕವಳ ಮಗಳಿಗೆ ಇಲ್ಲಿನ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಹಾಸ್ಟೆಲ್ಲಿನಲ್ಲಿ ಜಾಗ ಸಿಕ್ಕಿರಲಿಲ್ಲ. ಈ ಮನೆಯ ಹಿಂದಿನ ಕೋಣೆ ಖಾಲಿ ಇತ್ತು. ಬಾಯಿಬಿಟ್ಟು ಕೇಳಿದ್ದಳು.

"ಮೊದಲು ನೀನು ಬಂದು ಇದ್ದು ತೋರಿಸು" ಎಂದಿದ್ದಳು ದೊಡ್ಡವಳು. "ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಒಂದೇ ಒಂದು ಕಲೆ ಕಂಡ್ರೂ ಕೋಣೆ ಮಾತು ಎತ್ತಬೇಡ."

ಹೊರಡುವ ದಿನ ಮನೆಯೆಲ್ಲ ಸುತ್ತಿಸಿ ಪಾಠ ಮಾಡಿದ್ದಳು.

"ಪಾತ್ರೆ ತೊಳೆಯೋ ಮಷೀನಿಗೆ ಹಾಕೋ ಮೊದಲು ಪಾತ್ರೆ ಚೆನ್ನಾಗಿ ತೊಳಿ."

"ತೊಳೆದ ಮೇಲೆ ಮಷೀನ್ ಯಾಕಕ್ಕಾ?"

"ಇದಕ್ಕೇ ನಿನಗೆ ಹೇಳೋದು ಕಷ್ಟ." ಸೋಫಾದ ಮುಂದೆ ನಿಂತಾಗ ದನಿ ಇನ್ನೂ ಗಟ್ಟಿಯಾಗಿತ್ತು. "ಕುಶನ್ ಎತ್ತಿ ಗಿತ್ತಿ ಒದರೋಕೆ ಹೋಗಬೇಡ, ಹೊಲಿಗೆ ಬಿಡುತ್ತೆ. ಕೆಲಸದವಳಿಗೂ ಮುಟ್ಟೋಕೆ ಬಿಡಲ್ಲ ನಾನು." ಆಮೇಲೆ ಕಣ್ಣು ಚಿಕ್ಕವಳ ತಲೆಗೆ ಹೋಗಿತ್ತು. "ಇಷ್ಟು ಬೇಗ ನೆರೆತುಹೋದೆಯಲ್ಲೇ! ಬಣ್ಣನಾದ್ರೂ ಹಚ್ಕೋಬಾರದಾ?"

"ಒಗ್ಗಲ್ಲ ಅಕ್ಕಾ. ತಲೆಯೆಲ್ಲ ಗುಳ್ಳೆ ಏಳುತ್ತೆ."

ಬಾಗಿಲಲ್ಲಿ ಸೂಟ್‌ಕೇಸ್ ಹಿಡಿದು ನಿಂತಿದ್ದ ಭಾವ ನಕ್ಕಿದ್ದರು. "ನಮ್ಮವಳನ್ನ ನೋಡಮ್ಮ. ಐವತ್ತು ದಾಟಿದ್ರೂ ಒಂದು ಬಿಳಿ ಕೂದಲಿಲ್ಲ."

"ನಮ್ಮ ತಾಯಿ ಕಡೆಯ ಗುಣ" ಎಂದು ದೊಡ್ಡವಳು ಜಡೆಯನ್ನು ಮುಂದಕ್ಕೆ ಎಳೆದುಕೊಂಡಿದ್ದಳು.

ಅಂದಿನಿಂದ ಈ ಮನೆಗೂ ಚಿಕ್ಕವಳಿಗೂ ಹಾವು ಮುಂಗುಸಿ. ನಲ್ಲಿ, ಕೈ ತೋರಿಸಿದರೆ ನೀರು ಬಿಡುತ್ತಿತ್ತು, ಪಾತ್ರೆ ತೋರಿಸಿದರೆ ಸುಮ್ಮನಿರುತ್ತಿತ್ತು. ಗಾಜಿನ ಒಲೆ ಅವಳು ಇಟ್ಟ ಪಾತ್ರೆಯನ್ನೆಲ್ಲ ಕೀ ಕೀ ಎಂದು ತಿರಸ್ಕರಿಸುತ್ತಿತ್ತು. ಕಮೋಡ್ ಹತ್ತಿರ ಹೋದರೆ ತಾನೇ ಬಾಯಿ ತೆರೆಯುತ್ತಿತ್ತು. ಮೊದಲ ಸಲ ಅವಳು "ಅಯ್ಯೋ, ಕ್ಷಮಿಸಿ" ಎಂದು ಹೊರಗೋಡಿದ್ದಳು. ಆದರೂ ಹಟ ಹಿಡಿದು ಮನೆಯನ್ನು ಕನ್ನಡಿಯಾಗಿಟ್ಟಿದ್ದಳು. ಫ್ರಿಜ್ಜಿನ ಹಿಂಬದಿಗೂ ಬಟ್ಟೆ ಆಡಿಸಿದ್ದಳು. ಇನ್ನೇನು ದಡ ಸೇರಿದೆ ಅನ್ನುವಾಗ ಕೊನೆಯ ದಿನ ಈ ಕಾಫಿ.

ಫೋನು ಬಡಿದುಕೊಂಡಿತು. ವೀಡಿಯೊ ಕರೆ. ಚಿಕ್ಕವಳು ಧಡಕ್ಕನೆ ಎದ್ದು ಕಲೆಯ ಮೇಲೇ ಕೂತಳು.

"ಹಾಲ್ ತೋರಿಸು."

ತೋರಿಸಿದಳು.

"ಸೋಫಾ?"

"ಕೂತಿದ್ದೀನಲ್ಲ ಅಕ್ಕಾ."

"ಏಳು, ನೋಡೋಣ."

"ಹಲೋ? ಅಕ್ಕಾ? ಕೇಳಿಸ್ತಿಲ್ಲ..." ಎಂದು ಕರೆ ಕತ್ತರಿಸಿದಳು. ಕೂತಲ್ಲಿ ಸೀರೆಗೆ ಒದ್ದೆ ತಣ್ಣಗೆ ಹತ್ತಿಕೊಂಡಿತ್ತು.

ತಕ್ಷಣ ಸಂದೇಶ ಬಂತು: 'ಸಂಜೆ ಬರುತ್ತೇವೆ. ಕಣ್ಣಾರೆ ನೋಡುತ್ತೇನೆ.'

ಚಿಕ್ಕವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಒಂದು ಲೋಟ ಕಾಫಿಗೆ ಮಗಳ ಓದು ಬಲಿಯಾಗಬೇಕೆ? ಸೋಪು, ನಿಂಬೆ, ಬಿಸಿನೀರು, ಎಲ್ಲ ಆಯಿತು. ಕಲೆ ಜಗ್ಗಲಿಲ್ಲ. ಉಳಿದದ್ದು ಒಂದೇ ದಾರಿ. ಹೊಲಿಗೆ ಬಿಟ್ಟರೆ ಬಿಡಲಿ, ಹಾಳಾಗಿ ಹೋಗಲಿ. ಬೆರಳು ತೂರಿಸಿ ಕುಶನ್ ಎತ್ತಿದಳು. ಮಗುಚಿದಳು. ಸ್ವಲ್ಪ ಹೊತ್ತು ಹಾಗೇ ನೋಡುತ್ತ ನಿಂತಳು. ಆಮೇಲೆ ಅದನ್ನು ಅದರ ಜಾಗದಲ್ಲಿ ಕೂರಿಸಿ, ಎರಡು ಸಲ ತಟ್ಟಿ, ಇನ್ನೊಂದು ಕಾಫಿ ಮಾಡಿಕೊಂಡು ಬಂದು ಅದೇ ಸೋಫಾದ ತುದಿಯಲ್ಲಿ ಕೂತು ಆರಾಮಾಗಿ ಕುಡಿದಳು.

ಸಂಜೆ ದೊಡ್ಡವಳು ಚಪ್ಪಲಿ ಬಿಡುವ ಮೊದಲೇ ಬಾಗಿಲ ಮೇಲಂಚಿಗೆ ಬೆರಳಾಡಿಸಿದಳು. ಬೆರಳು ನೋಡಿಕೊಂಡಳು. ಏನೂ ಇಲ್ಲ. ಅಡುಗೆಮನೆ, ಬಚ್ಚಲು, ಫ್ರಿಜ್ಜಿನ ಹಿಂಬದಿ. ಎಲ್ಲೂ ಏನೂ ಸಿಗದೆ ಮುಖ ಗಂಟು ಹಾಕಿಕೊಂಡೇ ಹಾಲಿಗೆ ಬಂದಳು.

ಸೋಫಾದ ನಡುವಿನ ಕುಶನ್ ಮೇಲೆ ಕಲೆ ಎದ್ದು ಕಾಣುತ್ತಿತ್ತು.

"ಇದೇನೇ ಇ..." ಎಂದವಳ ಮಾತು ಅಲ್ಲೇ ನಿಂತಿತು.

"ಯಾವುದಕ್ಕಾ?" ಎಂದಳು ಚಿಕ್ಕವಳು. ಅವಳ ದನಿ ಬೆಣ್ಣೆಯಷ್ಟು ಮೆದುವಾಗಿತ್ತು.

ಮೆಟ್ಟಿಲ ಮೇಲೆ ಸೂಟ್‌ಕೇಸ್ ಎಳೆಯುವ ಸದ್ದು ಕೇಳಿತು. ದೊಡ್ಡವಳ ಮುಖ ಬಿಳಿಚಿತು. ಎರಡೇ ಹೆಜ್ಜೆಗೆ ಸೋಫಾ ತಲುಪಿ, ಕಲೆಯ ಮೇಲೆ ಸರಿಯಾಗಿ ಕೂತುಬಿಟ್ಟಳು.

"ಬಂದವಳೇ ಕೂತುಬಿಟ್ಟೆಯಾ?" ಒಳಗೆ ಬಂದ ಭಾವ ಏದುಸಿರು ಬಿಟ್ಟರು. "ಮನೆ ನೋಡಿದೆಯಾ?"

"ನೋಡಿದೆ. ಚೆನ್ನಾಗಿಟ್ಟಿದ್ದಾಳೆ."

"ಹಾಗಾದ್ರೆ ಮಗಳು ಯಾವತ್ತು ಬರಲಿ ಅಕ್ಕಾ?"

ದೊಡ್ಡವಳು ಚಿಕ್ಕವಳ ಮುಖವನ್ನೇ ನೋಡಿದಳು. ಆ ನೋಟಕ್ಕೆ ಹಸಿ ಹುಲ್ಲೂ ಹೊತ್ತಿಕೊಳ್ಳಬೇಕಿತ್ತು. "ನಾಳೆನೇ ಕಳಿಸು" ಎಂದಳು.

"ಎದ್ದು ಮುಖ ತೊಳ್ಕೋ, ಊಟ ಮಾಡೋಣ" ಎಂದರು ಭಾವ.

"ನೀವು ನಡೀರಿ. ನಾನು ಸ್ವಲ್ಪ ಹೊತ್ತು ಕೂತಿರ್ತೀನಿ."

ಕಾಫಿಯ ಕಲೆ ಅಡಿಮುಖವಾಗಿ ತಣ್ಣಗೆ ಮಲಗಿತ್ತು. ದೊಡ್ಡವಳು ಮುಚ್ಚಿಕೊಂಡು ಕೂತಿದ್ದು ಇಷ್ಟು ದಿನ ಕುಶನ್ನಿನ ಅಡಿಯಲ್ಲಿ ಬಚ್ಚಿಟ್ಟಿದ್ದ ತನ್ನದೇ ಕಲೆಯನ್ನು, ಬಟ್ಟಲು ಮಗುಚಿ ಚೆಲ್ಲಿ ಒಣಗಿದ, ತಲೆಗೆ ಹಚ್ಚುವ ಅಚ್ಚ ಕಪ್ಪು ಬಣ್ಣವನ್ನು.