ನೆನಪಿನ ಪರೀಕ್ಷೆ

ದೇಶದ ಪರವಾಗಿ ಅರವತ್ತೆರಡು ರಗ್ಬಿ ಪಂದ್ಯ ಆಡಿದ ಮೊಣ್ಣಪ್ಪ ಮೂವತ್ತೈದನೆಯ ವಯಸ್ಸಿಗೇ ಅಂಗಡಿಗೆ ಹೋದರೆ ಮನೆಯ ದಾರಿ ಮರೆಯತೊಡಗಿದ್ದ. ಆಟದಲ್ಲಿ ತಲೆಗೆ ಬಿದ್ದ ಪೆಟ್ಟುಗಳೇ ಇದಕ್ಕೆ ಕಾರಣ, ಚಿಕಿತ್ಸೆ ಕೊಡಿಸಿ ಎಂದು ಕೇಳಲು ಹೆಂಡತಿ ದೇಚಮ್ಮ ಅವನನ್ನು ರಗ್ಬಿ ಸಂಘದ ಕಚೇರಿಗೆ ಕರೆತಂದಿದ್ದಳು.

ವೈದ್ಯಾಧಿಕಾರಿ ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನುತ್ತ, ಅದೇ ಬೆರಳು ನೆಕ್ಕಿ ಹಳೆಯ ಕಡತದ ಹಾಳೆ ಮಗುಚಿದರು.

"ನೋಡಿ ಮೇಡಂ, ಹದಿಮೂರು ವರ್ಷದ ಹಿಂದೆ ತಂಡಕ್ಕೆ ಸೇರಿದ ದಿನ ಇವ್ರು ಬರೆದ ನೆನಪಿನ ಪರೀಕ್ಷೆ. ಮೂವತ್ತಕ್ಕೆ ಹನ್ನೊಂದು. ಮೊನ್ನೆ ಬರೆಸಿದಾಗ್ಲೂ ಹನ್ನೊಂದೇ. ಆಟದಿಂದ ಏನೂ ಆಗಿಲ್ಲ. ಇವ್ರ ತಲೆ ಮೊದಲಿಂದ್ಲೂ ಇಷ್ಟೇ."

ಅವರ ಮೀಸೆಗೆ ಅಂಟಿದ ಬಿಸ್ಕತ್ತಿನ ಮುದ್ದೆ ಕಂಡು ದೇಚಮ್ಮ ಕುರ್ಚಿ ಹಿಂದಕ್ಕೆ ಸರಿಸಿದಳು.

"ಬಿ.ಎಸ್ಸಿ.ಲಿ ರ‍್ಯಾಂಕ್ ಬಂದವ್ರು ಸಾರ್ ಇವ್ರು!"

ಅಷ್ಟು ಹೊತ್ತೂ ಗೋಡೆ ನೋಡುತ್ತಿದ್ದ ಮೊಣ್ಣಪ್ಪ ತಿರುಗಿದ.

"ಬೇಕಂತ್ಲೇ ತಪ್ಪು ಬರೆದದ್ದು ದೇಚು. ಪೆಟ್ಟು ಬಿದ್ಮೇಲೆ ಮತ್ತೆ ಪರೀಕ್ಷೆ ಇಡ್ತಾರೆ. ಅಂಕ ಇಳಿದ್ರೆ ಆಡೋಕೆ ಬಿಡಲ್ಲ. ಮೊದಲೇ ಕಮ್ಮಿ ಇದ್ರೆ ಇಳಿಯೋದೇ ಇಲ್ವಲ್ಲ!" ಅವನು ಮೇಜಿನಾಚೆಗೆ ಬೆರಳು ತೋರಿದ. "ಹೇಳಿಕೊಟ್ಟದ್ದೂ ಇವ್ರೇ. ಪಕ್ಕದಲ್ಲೇ ನಿಂತು ತಪ್ಪು ಬರೆಸಿದ್ರು."

"ಥೂ! ನಿಮ್ದೂ ಒಂದು ಬಾಳಾ?" ದೇಚಮ್ಮ ಎದ್ದು ನಿಂತಳು. "ಬರ್ಕೊಳ್ಳಿ. ಇವ್ರು ಈಗ ಹೇಳಿದ್ದನ್ನ ನನ್ನೆದುರೇ ಬರ್ಕೊಳ್ಳಿ!"

ವೈದ್ಯಾಧಿಕಾರಿ ನಿಧಾನವಾಗಿ ಬಾಯಿ ಒರೆಸಿಕೊಂಡು, ಪೆನ್ನಿನ ಮುಚ್ಚಳ ತೆಗೆದು, ಗಟ್ಟಿಯಾಗಿ ಓದಿಕೊಳ್ಳುತ್ತಲೇ ಬರೆದರು:

"ರೋಗಿಗೆ ಹದಿಮೂರು ವರ್ಷದ ಹಿಂದಿನದೂ ಸ್ಪಷ್ಟವಾಗಿ ನೆನಪಿದೆ."