ಪಂಚಮಿಯ ಕ್ಯಾನು

ಹೊಲವೆಲ್ಲ ಮೆಕ್ಕೆಜೋಳವಾಗಿ, ಮೆಕ್ಕೆಜೋಳವೆಲ್ಲ ಇಂಧನವಾಗಿ ಗಾಡಿಗಳ ಹೊಟ್ಟೆಗೆ ಹೋಗತೊಡಗಿದ ಮೇಲೆ, ಪಂಚಮಿಗೆ ತವರಿನವರು ಮಗಳಿಗೆ ರೊಟ್ಟಿಬುತ್ತಿಯ ಬದಲು ಎಥೆನಾಲ್ ಕ್ಯಾನು ಕಳಿಸುವುದೇ ರೂಢಿಯಾಯಿತು. ಒಂದು ಕ್ಯಾನೆಂದರೆ ಇನ್ನೂರು ರೊಟ್ಟಿಗಾಗುವಷ್ಟು ಕಾಳು. ಈ ಸಲ ನೀಲವ್ವನ ವಾರಗಿತ್ತಿ ಗಂಗವ್ವನಿಗೆ ಎರಡು ಕ್ಯಾನು ಬಂದವು. ನೀಲವ್ವನ ಬಡ ತವರಿನಿಂದ ಬಂದದ್ದು ಹತ್ತೇ ರೊಟ್ಟಿ.

ಗಂಗವ್ವ ಬೇಕೆಂದೇ ಅಂಗಳದ ತುಂಬ ಸ್ಕೂಟರ್ ಸುತ್ತಿಸಿದಳು. ಸುಟ್ಟ ತೆನೆಯ ವಾಸನೆಯ ಆ ಹೊಗೆಗೆ ನೀಲವ್ವನ ಹೊಟ್ಟೆಯಲ್ಲಿ ಕಿಚ್ಚೆದ್ದಿತು. ಕಟ್ಟೆಯ ಮೇಲೆ ಕುಳಿತು, ಓಣಿಗೆಲ್ಲ ಕೇಳುವಂತೆ ಕಟಕ್ಕನೆ ಕಟಿರೊಟ್ಟಿ ಮುರಿದಳು.

ಸ್ಕೂಟರ್ ನಿಂತಿತು.

"ಅಕ್ಕಾ, ನನಗೂ ಒಂದ್ ಚೂರು ಕೊಡ. ರೊಟ್ಟಿ ತಿಂದು ಮೂರು ವರ್ಷ ಆತು," ಎಂದಳು ಗಂಗವ್ವ.

"ನಿನ್ನ ಪಾಲಿಂದು ಗಾಡಿ ತಿಂದೈತಲ್ಲ," ಎಂದಳು ನೀಲವ್ವ. "ಅದರ ಹಿಂದ ನಿಂತು ಮೂಸು."