ಹನ್ನೊಂದು ದನಿ

“ಜೋರಾಗಿ ಓದೇ, ಹಿಂದೆ ಕೂತೋರಿಗೆ ಕೇಳ್ಬೇಡ್ವಾ?” ಎಂದು ಕಾವೇರಮ್ಮ ಗದರಿದರು. ಚಾಮರಾಜಪೇಟೆಯ ಭಜನಾ ಮಂಡಳಿಯ ಹನ್ನೊಂದು ಹೆಂಗಸರೂ ತಾಳ ಕೆಳಗಿಟ್ಟು ಕಾದಿದ್ದರು. ಯಶಶ್ರೀ ಸೋಲ್ ಎಂಬ ಪಾಶ್ಚಾತ್ಯ ಶೈಲಿಯಲ್ಲಿ ಹಾಡಿದ ತನ್ನ ಮೊದಲ ಆಲ್ಬಮ್ಮಿಗೆ ಬಂದ ವಿಮರ್ಶೆಯನ್ನು ಫೋನಿನಲ್ಲಿ ಓದತೊಡಗಿದಳು. “ಕೊನೆಯ ಹಾಡಿನ ನಡುವೆ ಗಾಯಕಿ ಬೇಕೆಂದೇ ಮೌನವಾಗುತ್ತಾಳೆ. ದಿಟ್ಟ ಪ್ರಯೋಗ.”

“ಪ್ರಯೋಗವಂತೆ! ನೀನು ಅತ್ಬಿಟ್ಟೆ, ನಾವು ಸಾಲು ಎತ್ಕೊಂಡ್ವಿ, ಅಷ್ಟೇ,” ಎಂದು ಕಾವೇರಮ್ಮ ನಕ್ಕರು.

ಆದದ್ದೂ ಅಷ್ಟೇ. ಅದು ತೀರಿಕೊಂಡ ಅಮ್ಮನ ಮೇಲೆ ಯಶಶ್ರೀ ಬರೆದ ಹಾಡು. ಈ ಮಂಡಳಿಯಲ್ಲಿ ಮೂವತ್ತು ವರ್ಷ ಅಮ್ಮ ಒಂದೊಂದೇ ಸಾಲು ಹೇಳಿಕೊಟ್ಟರೆ ಉಳಿದವರು ಅದನ್ನೇ ಹಿಂದಿನಿಂದ ಹಾಡುತ್ತಿದ್ದರು. ಹಿಮ್ಮೇಳಕ್ಕೆಂದು ಈ ಹೆಂಗಸರು ಸ್ಟುಡಿಯೋಗೆ ಬಂದ ದಿನ, ಯಶಶ್ರೀ ಹಾಡುತ್ತಲೇ ಅತ್ತುಬಿಟ್ಟ ಕೂಡಲೇ, ಯಾರೂ ಹೇಳದಿದ್ದರೂ ಅವಳ ಸಾಲನ್ನು ಇವರೇ ಹಾಡಿ ಮುಗಿಸಿದ್ದರು. ರೆಕಾರ್ಡಿಂಗಿನವರು ಇನ್ನೊಮ್ಮೆ ಹಾಡೋಣ ಎಂದರೂ ಅವಳು ಒಪ್ಪಿರಲಿಲ್ಲ.

ಈಗ ವಿಮರ್ಶೆಯ ಕೊನೆಯ ವಾಕ್ಯ ಕಣ್ಣಿಗೆ ಬಿದ್ದದ್ದೇ ಅವಳ ದನಿ ಮತ್ತೆ ನಿಂತಿತು.

“ಕೊಡೇ ಇಲ್ಲಿ,” ಎಂದು ಕಾವೇರಮ್ಮ ಫೋನ್ ಈಸಿಕೊಂಡರು. ಕನ್ನಡಕ ಮೇಲಕ್ಕೇರಿಸಿ, ಭಜನೆ ಹೇಳಿಕೊಡುವ ಹಾಗೆಯೇ ಎಳೆದೆಳೆದು ಓದಿದರು. “ಈ ಆಲ್ಬಮ್ಮಿನ ಜೀವ ಇರುವುದು ಆ ಹೆಂಗಸರ ದನಿಯಲ್ಲಿ.”

ಅಷ್ಟು ವರ್ಷದ ರೂಢಿ ನೋಡಿ, ಉಳಿದ ಹತ್ತೂ ಮಂದಿ ಒಟ್ಟಿಗೆ ಹೇಳಿದರು: “ಈ ಆಲ್ಬಮ್ಮಿನ ಜೀವ ಇರುವುದು ಆ ಹೆಂಗಸರ ದನಿಯಲ್ಲಿ.”

ತಾವು ಹೇಳಿದ್ದೇನೆಂದು ಅವರಿಗೆ ಹೊಳೆಯುವಷ್ಟರಲ್ಲಿ ಯಶಶ್ರೀ ಅವರ ಮುಂದೆ ನೆಲಕ್ಕೆ ಹಣೆ ಮುಟ್ಟಿಸಿದ್ದಳು.